ಕಿಟ್ ಚಾಸಿ ಮೇಲೆ ಮನೆಯಲ್ಲೇ ಕ್ಯಾಂಪಿಂಗ್ ಟ್ರೇಲರ್: ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೇಳಿರುವುದೆಲ್ಲ ಕಾರಿನ ಹಿಂದೆ ಎಳೆಯುವ, ಒಂದೇ ಎಕ್ಸೆಲ್ ಇರುವ, 4 ಅಡಿ ಅಗಲ 8 ಅಡಿ ಉದ್ದದ ಸಣ್ಣ ಟ್ರೇಲರಿಗೆ. ಒಳಗೆ ಇಬ್ಬರು ಮಲಗಬೇಕು, ಹಿಂಬದಿಯ ಮುಚ್ಚಳ ಎತ್ತಿದರೆ ಅಡುಗೆ ಕಟ್ಟೆ ಸಿಗಬೇಕು. ಅಷ್ಟೇ. ಸ್ನಾನದ ಮನೆ ಬೇಕೆನ್ನುವವರಿಗೆ ಈ ಅಳತೆ ಸಾಲುವುದಿಲ್ಲ.

ಕಿಟ್ ಚಾಸಿ ಅಂದ್ರ ಏನೇನ್ ಬರ್ತದ್ರಿ?

ಬೋಲ್ಟ್ ಹಾಕಿ ಜೋಡಿಸುವ ಉಕ್ಕಿನ ಚೌಕಟ್ಟು, ಮುಂದಿನ ಮೂಕಿ, ಒಂದು ಎಕ್ಸೆಲ್, ಎರಡು ಪಾಟಾ (ಪಟ್ಟಿಯ ಸ್ಪ್ರಿಂಗ್), ಗಾಲಿ ಕೂರುವ ಹಬ್ ಮತ್ತು ಬೇರಿಂಗ್, ಎರಡು ಗಾಲಿ, ಮಡ್‌ಗಾರ್ಡ್, ಕಾರಿನ ಹುಕ್ಕಿನ ಬಾಲ್ ಮೇಲೆ ಕೂರುವ ಕಪ್ಲರ್, ಹಿಂದಿನ ಲೈಟು. ಮೂಕಿ ಎಂದರೆ ಚಕ್ಕಡಿಯ ಮೂಕಿಯೇ; ಕೆಲಸವೂ ಅದೇ. ಕಿಟ್ ಸಿಗದವರು ಇದೇ ನಕ್ಷೆಯನ್ನು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಂಥ ಕಡೆ ಫ್ಯಾಬ್ರಿಕೇಶನ್ ಶೆಡ್ಡಿಗೆ ಕೊಟ್ಟು ಮಾಡಿಸಲು ಹೊರಡುತ್ತಾರೆ. ಬೆಸುಗೆ ಚೆನ್ನಾಗಿಯೇ ಬರುತ್ತದೆ. ತೊಡಕು ಕಾಗದಪತ್ರದಲ್ಲಿದೆ, ಅದನ್ನು ಮುಂದಿನ ಉತ್ತರದಲ್ಲಿ ನೋಡಿ.

ಆರ್‌ಟಿಒದಾಗ ನೋಂದಣಿ ಮಾಡಸಲೇಬೇಕೇನ್ರಿ? ಸಣ್ಣದಲ್ಲೇನು?

ಮಾಡಿಸಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ 2(46)ನೇ ಕಲಮಿನ ಪ್ರಕಾರ ಮೋಟಾರು ವಾಹನ ಎಳೆಯುವ ಗಾಡಿ ಟ್ರೇಲರ್. 39ನೇ ಕಲಮು ನೋಂದಣಿ ಇಲ್ಲದೆ ಸಾರ್ವಜನಿಕ ರಸ್ತೆಗೆ ಇಳಿಸಬೇಡಿ ಎನ್ನುತ್ತದೆ, 146ನೇ ಕಲಮು ಥರ್ಡ್ ಪಾರ್ಟಿ ವಿಮೆ ಕೇಳುತ್ತದೆ. ಸಣ್ಣದು, ಮನೆ ಬಳಕೆಯದು ಎಂಬ ರಿಯಾಯಿತಿ ಇಲ್ಲ.

ಆದ್ದರಿಂದ ಚಾಸಿಗೆ ಹಣ ಕೊಡುವ ಮೊದಲು ಎರಡು ಪ್ರಶ್ನೆ ಕೇಳಿ: ಈ ಮಾದರಿಗೆ ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಯ ಟೈಪ್ ಅಪ್ರೂವಲ್ (ಮಾದರಿಯನ್ನು ಪರೀಕ್ಷಿಸಿ ಕೊಡುವ ಒಪ್ಪಿಗೆ) ಇದೆಯೇ? ಮಾರಾಟದ ಪ್ರಮಾಣಪತ್ರ ಮತ್ತು ಚಾಸಿ ನಂಬರ್ ಕೊಡುತ್ತೀರಾ? ಉತ್ತರ "ಹೌದು" ಆದರೆ ಆ ಕಾಗದಗಳ ಪ್ರತಿ ಹಿಡಿದುಕೊಂಡು ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ: ಬೆಳಗಾವಿ ಕೆಎ-22, ಚಿಕ್ಕೋಡಿ 23, ಬೈಲಹೊಂಗಲ 24, ವಿಜಯಪುರ 28, ಬಾಗಲಕೋಟೆ 29, ಜಮಖಂಡಿ 48, ಗೋಕಾಕ 49. ಮೇಲೆ ಕಟ್ಟುವ ಪೆಟ್ಟಿಗೆಯ ಅಳತೆ, ಒಟ್ಟು ತೂಕ, ಎಳೆಯುವ ಕಾರು ಯಾವುದು ಎಂಬುದನ್ನು ಬರೆದುಕೊಂಡೇ ಹೋಗಿ. ಎಲ್ಲ ಕಟ್ಟಿ ಮುಗಿಸಿ, ಬಣ್ಣ ಬಳಿದು, ಆಮೇಲೆ ಕೇಳಲು ಹೋಗುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ದುಬಾರಿ ತಪ್ಪು. ಕಾಗದವಿಲ್ಲದ ಟ್ರೇಲರ್ ಹೊಲದ ಬದುವಿನಲ್ಲಿ ನಿಲ್ಲಿಸಿಕೊಳ್ಳುವ ಕೋಣೆ, ಅಷ್ಟೇ.

ಹಳೇ ಟ್ರ್ಯಾಕ್ಟರ್ ಟ್ರ್ಯಾಲಿ ಎಕ್ಸೆಲ್ ಮನ್ಯಾಗ ಬಿದ್ದದ. ಅದನ್ನ ಹಾಕಿದ್ರ?

ಬೇಡ. ಕಬ್ಬಿನ ಸೀಮೆಯಲ್ಲಿ ಈ ಪ್ರಶ್ನೆ ಬರುವುದು ಸಹಜ. ಗುಜರಿ ಅಂಗಡಿಗಳ ಮುಂದೆ ಅವು ರಾಶಿ ಬಿದ್ದಿರುತ್ತವೆ. ಆದರೆ ಆ ಎಕ್ಸೆಲ್ ಮಾಡಿರುವುದು ಟನ್ನುಗಟ್ಟಲೆ ಭಾರವನ್ನು ನಿಧಾನವಾಗಿ ಒಯ್ಯಲು. ನಾಲ್ಕು ನೂರು ಕಿಲೋದ ಪೆಟ್ಟಿಗೆಯ ಕೆಳಗೆ ಅದರ ಪಾಟಾ ಬಗ್ಗುವುದೇ ಇಲ್ಲ. ರಸ್ತೆಯ ಪ್ರತಿ ಹೊಡೆತ ನೇರ ಪ್ಲೈವುಡ್‌ಗೆ ಹೋಗುತ್ತದೆ, ಸ್ಕ್ರೂ ಸಡಿಲಾಗುತ್ತವೆ, ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಕಿಟ್ಟಿನಲ್ಲೂ ಇದೇ ಲೆಕ್ಕ: 750 ಕಿಲೋ ಹೊರುವ ಪಾಟಾ ಮೇಲೆ 350 ಕಿಲೋ ಇಟ್ಟರೆ ಟ್ರೇಲರ್ ಕಪ್ಪೆಯಂತೆ ಕುಪ್ಪಳಿಸುತ್ತದೆ. ನಿಮ್ಮ ತುಂಬಿದ ತೂಕಕ್ಕಿಂತ ಕಾಲು ಭಾಗದಷ್ಟು ಹೆಚ್ಚು ಹೊರುವ ಪಾಟಾ ಸಾಕು.

ಒಟ್ಟ ತೂಕ ಎಷ್ಟ ಆಗಬೇಕು? ನಮ್ಮ ಕಾರ್ ಎಳೀತದೇನು?

ಮೊದಲು ಕಾರಿನ ಮಾಲೀಕರ ಕೈಪಿಡಿ ತೆಗೆದು ನೋಡಿ. ನಮ್ಮಲ್ಲಿ ಮಾರುವ ಎಷ್ಟೋ ಸಣ್ಣ ಕಾರುಗಳಿಗೆ ಕಂಪನಿ ಎಳೆಯುವ ತೂಕವನ್ನೇ ಕೊಟ್ಟಿರುವುದಿಲ್ಲ, ಕೆಲವು ಕೈಪಿಡಿಗಳು ಟ್ರೇಲರ್ ಬೇಡವೆಂದೇ ಹೇಳುತ್ತವೆ. ಅಂಥ ಕಾರಿಗೆ ಹುಕ್ಕು ಹಾಕಿಸಬೇಡಿ. ತೂಕ ಕೊಟ್ಟಿದ್ದರೂ ಬ್ರೇಕಿಲ್ಲದ ಟ್ರೇಲರ್ ಕಾರಿನ ಖಾಲಿ ತೂಕದ ಅರ್ಧ ದಾಟಬಾರದು. ಎಳೆಯಲು ಎಂಜಿನ್ನಿಗೆ ಕಷ್ಟವಿಲ್ಲ. ನಿಲ್ಲಿಸುವಾಗ ಕಾರಿನ ಬ್ರೇಕೇ ಎರಡೂ ಭಾರವನ್ನು ಹಿಡಿಯಬೇಕು.

ಒಂದು ಮಾದರಿ ಲೆಕ್ಕ. ಗಾಲಿ, ಎಕ್ಸೆಲ್ ಸೇರಿ ಚಾಸಿ 115 ಕಿಲೋ. 8×4 ಅಡಿಯ 12 ಮಿಮೀ ಪ್ಲೈ ಹಾಳೆ ಒಂದಕ್ಕೆ ಸುಮಾರು 24 ಕಿಲೋ: ನೆಲಕ್ಕೆ ಒಂದು ಪೂರ್ತಿ ಹಾಳೆ, ಎರಡು ಪಕ್ಕದ ಗೋಡೆಗೆ ಎರಡು ಹಾಳೆ, ಬಾಗಿಲು ಮತ್ತು ವಾರೆ ಕತ್ತರಿಸಿದ ಮೇಲೆ 36 ಕಿಲೋ ಉಳಿಯುತ್ತದೆ. ಛತ್ತಿನ ಒಳಮೈಗೆ 4 ಮಿಮೀ ಪ್ಲೈ 14, ಮೇಲಿನ 0.8 ಮಿಮೀ ಅಲ್ಯೂಮಿನಿಯಂ ತಗಡು 22, ಪಟ್ಟಿ 15, ಫೋಮ್ ಹಾಳೆ 4, ಬಾಗಿಲು ಕಿಟಕಿ 25, ಅಡುಗೆ ಕಪಾಟು 25, ಗಾದಿ 14, ಬ್ಯಾಟರಿ, ಸೋಲಾರ್, ವೈರು ಎಲ್ಲ ಸೇರಿ 25. ಹತ್ತಿರ ಹತ್ತಿರ 320 ಕಿಲೋ. ನೀರು, ಗ್ಯಾಸು, ಪಾತ್ರೆ, ಬಟ್ಟೆ ನೂರು ಕಿಲೋ ಸೇರಿಸಿ 420. ಕಟ್ಟುವಾಗ ಪ್ರತಿ ಭಾಗವನ್ನೂ ತೂಗಿ ಗೋಡೆ ಮೇಲೆ ಬರೆಯುತ್ತ ಹೋಗಿ. ತೂಕ ಏರುವುದು ಒಂದೇ ದೊಡ್ಡ ವಸ್ತುವಿನಿಂದಲ್ಲ, "ಇರಲಿ ಬಿಡು, ಗಟ್ಟಿ ಆಗ್ತದ" ಎಂದು ಸೇರಿಸಿದ ಇಪ್ಪತ್ತು ಸಣ್ಣವುಗಳಿಂದ. ಬಡಿಗರು ಜಾಲಿ, ಮತ್ತಿ ಹಾಕೋಣ ಎನ್ನುತ್ತಾರೆ. ಬಾಗಿಲ ಚೌಕಟ್ಟಿಗೆ ಅದು ಸರಿ. ಇಲ್ಲಿ ಪೈನ್ ಪಟ್ಟಿ ಸಾಕು.

ಚಾಸಿ ಜೋಡಿಸೂದು ಹೆಂಗ? ಯಾವ ಕಡೆ ತಪ್ಪಾಗ್ತದ?

ಸಮತಟ್ಟಾದ ಕಾಂಕ್ರೀಟ್ ನೆಲ ಬೇಕು. ಅಂಗಳದ ಮಣ್ಣಿನ ಮೇಲೆ ಜೋಡಿಸಿದರೆ ನೆಲದ ಓರೆಯೇ ಚೌಕಟ್ಟಿಗೂ ಬರುತ್ತದೆ. ಎಲ್ಲ ಬೋಲ್ಟ್‌ಗಳನ್ನೂ ಮೊದಲು ಕೈಯಿಂದ ಮಾತ್ರ ತಿರುಗಿಸಿ. ಆಮೇಲೆ ಎರಡೂ ಕರ್ಣ ಅಳೆಯಿರಿ. 1220×2440 ಮಿಮೀ ಚೌಕಟ್ಟಿನ ಕರ್ಣ 2728 ಮಿಮೀ ಬರಬೇಕು. ಲೆಕ್ಕದ ಸಂಖ್ಯೆಗಿಂತ ಮುಖ್ಯವಾದದ್ದು ಎರಡೂ ಕರ್ಣ ಒಂದೇ ಇರುವುದು. 3 ಮಿಮೀಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಉದ್ದವಿರುವ ಮೂಲೆಗೆ ಮರದ ತುಂಡು ಇಟ್ಟು ಸುತ್ತಿಗೆಯಿಂದ ತಟ್ಟಿ ಸರಿಮಾಡಿ. ನಂತರವೇ ಬಿಗಿಯಿರಿ. 8.8 ದರ್ಜೆಯ 10 ಮಿಮೀ ಬೋಲ್ಟಿಗೆ 45 ನ್ಯೂಟನ್-ಮೀಟರ್, 12 ಮಿಮೀಗೆ 80. ಎಷ್ಟು ಬಿಗಿಯಾಯಿತೆಂದು ತೋರಿಸುವ ಟಾರ್ಕ್ ಪಾನಾ ಇಲ್ಲದಿದ್ದರೆ ಗ್ಯಾರೇಜಿನಿಂದ ಒಂದು ದಿನಕ್ಕೆ ತನ್ನಿ. ನೈಲಾಕ್ ನಟ್ (ಒಳಗೆ ನೈಲಾನ್ ಉಂಗುರ ಇರುವುದು) ಒಮ್ಮೆ ಬಿಚ್ಚಿದರೆ ಎಸೆದು ಹೊಸದು ಹಾಕಿ.

ಇನ್ನು ಎಕ್ಸೆಲ್. ಕಪ್ಲರಿನ ನಡುಮಧ್ಯದಿಂದ ಎಕ್ಸೆಲ್ಲಿನ ಎಡ ತುದಿಗೂ ಬಲ ತುದಿಗೂ ದಾರ ಹಿಡಿದು ಅಳೆಯಿರಿ. ಇದೂ 3 ಮಿಮೀ ಒಳಗೇ ಇರಬೇಕು. ಇಲ್ಲದಿದ್ದರೆ ಟ್ರೇಲರ್ ಕಾರಿನ ಹಿಂದೆ ಓರೆಯಾಗಿ ಬರುತ್ತದೆ, ಟೈರಿನ ಒಂದು ಅಂಚು ಬೇಗ ಸವೆಯುತ್ತದೆ. ಇಂಥ ಸವೆತಕ್ಕೆ ಟೈರಿನವರನ್ನು ಬೈದು ಪ್ರಯೋಜನವಿಲ್ಲ. ಪಾಟಾ ಹಿಡಿಯುವ ಯು-ಬೋಲ್ಟ್‌ಗಳನ್ನು ಎರಡೂ ಕಡೆ ಸಮ ಸಮ, ಅಡ್ಡಡ್ಡ ಸರದಿಯಲ್ಲಿ ಬಿಗಿಯಿರಿ.

ಕೆಲವು ಕಿಟ್‌ಗಳು ನಡುವೆ ಮಡಚುತ್ತವೆ. ಮೇಲೆ ಪೆಟ್ಟಿಗೆ ಕಟ್ಟುವವರು ಆ ಕೀಲನ್ನು ಹಾಗೇ ಬಿಡಬಾರದು. ಎರಡೂ ಪಕ್ಕ ಪಟ್ಟಿ ಇಟ್ಟು ಬೋಲ್ಟ್ ಹಾಕಿ ಒಂದೇ ತುಂಡಿನಂತೆ ಮಾಡಿ. ಚೌಕಟ್ಟಿನ ಉಕ್ಕಿನ ಚಾನೆಲ್ಲಿಗೆ ತೂತು ಹಾಕಬೇಕಾದರೆ ನಿಂತ ಮೈಯ ನಡುವಿನಲ್ಲಿ ಹಾಕಿ. ಮೇಲಿನ, ಕೆಳಗಿನ ಅಂಚು ಎಳೆತ, ಒತ್ತಡ ಎಲ್ಲ ಹೊರುವ ಜಾಗ. ಅಲ್ಲಿ ತೂತು ಬಿದ್ದರೆ ಸೀಳು ಅಲ್ಲಿಂದಲೇ ಆರಂಭ. ಮೂಕಿಯ ಕೆಳಮೈಗೆ ಅಡ್ಡಡ್ಡ ಬೆಸುಗೆಯೂ ಅದೇ ಕಾರಣಕ್ಕೆ ಬೇಡ.

ಬೇರಿಂಗ್ ಎಷ್ಟ ಬಿಗೀಬೇಕು?

ಗ್ರೀಸನ್ನು ಬೇರಿಂಗಿನ ಹೊರಗೆ ಸವರಿದರೆ ಆಗಲಿಲ್ಲ. ಅಂಗೈಯಲ್ಲಿ ಗ್ರೀಸ್ ಇಟ್ಟು ಬೇರಿಂಗಿನ ಅಗಲ ಬದಿಯನ್ನು ಒತ್ತುತ್ತ, ರೋಲರುಗಳ ನಡುವಿನಿಂದ ಮೇಲೆ ಉಕ್ಕುವ ತನಕ ತುಂಬಬೇಕು. ಹಬ್ ಏರಿಸಿ, ಗಾಲಿ ತಿರುಗಿಸುತ್ತಲೇ ನಟ್ ಬಿಗಿದು, ಆಮೇಲೆ ಪೂರ್ತಿ ಸಡಿಲಿಸಿ, ಬೆರಳಿನಿಂದ ಮಾತ್ರ ಮತ್ತೆ ಬಿಗಿಯಿರಿ. ಹತ್ತಿರದ ತೂತಿಗೆ ಹೊಂದಿಸಿ, ನಟ್ ತಿರುಗದಂತೆ ತಡೆಯುವ ಕಾಟರ್ ಪಿನ್ ಹಾಕಿ. ಕಿಟ್ಟಿನ ಜೊತೆ ಬಂದ ಗ್ರೀಸ್ ಎಷ್ಟೋ ಸಲ ಸಾಗಣೆಯಲ್ಲಿ ತುಕ್ಕು ಹಿಡಿಯದಿರಲು ಸವರಿದ್ದು ಮಾತ್ರ. ತೊಳೆದು ಹೊಸದು ತುಂಬಿ.

ಮೊದಲ ಸಲ 25 ಕಿಲೋಮೀಟರ್ ಓಡಿಸಿ, ನಿಲ್ಲಿಸಿ ಹಬ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲು ಆಗದಷ್ಟು ಸುಟ್ಟರೆ ಬಿಗಿ ಹೆಚ್ಚಾಗಿದೆ ಅಥವಾ ಗ್ರೀಸ್ ಒಣಗಿದೆ. ದೂರ ಓಡಿ ಬಿಸಿಯಾದ ಹಬ್ ಹಳ್ಳದ ನೀರಿಗೆ ಇಳಿದರೆ ಒಳಗಿನ ಗಾಳಿ ತಟ್ಟನೆ ಕುಗ್ಗಿ ಸೀಲಿನ ಮೂಲಕ ನೀರು ಎಳೆದುಕೊಳ್ಳುತ್ತದೆ. ಹತ್ತು ನಿಮಿಷ ತಣಿಸಿ ಇಳಿಸಿ.

ಗಾಲಿ ಯಾವ ಅಳತಿದು ತಗೋಬೇಕು?

145/80 ಆರ್12 ಸಾಕು. 74ರ ಲೋಡ್ ಇಂಡೆಕ್ಸ್ ಇದ್ದರೆ ಒಂದೊಂದು ಟೈರು 375 ಕಿಲೋ ಹೊರುತ್ತದೆ. ಸಣ್ಣ ಕಾರುಗಳ ಅಳತೆಯಾದ್ದರಿಂದ ಬಾದಾಮಿಯಲ್ಲೂ ಸಿಂದಗಿಯಲ್ಲೂ ಸಿಗುತ್ತದೆ. ಹೊರದೇಶದ ಕಿಟ್ಟಿನ ವಿಚಿತ್ರ ಅಳತೆಯ ಗಾಲಿಯೊಂದಿಗೆ ಪಂಕ್ಚರಾಗಿ ನಿಂತರೆ ಸಹಾಯವಿಲ್ಲ. ರಿಮ್ಮಿನ ನಟ್ ತೂತುಗಳ ವೃತ್ತ ಹಬ್ಬಿಗೆ ಹೊಂದಬೇಕು, ಸ್ಟೆಪ್ನಿ ಅದೇ ಅಳತೆಯದಿರಬೇಕು.

ನಮ್ಮ ಕಡೆಯ ಒಂದು ವಿಶೇಷ: ಮಡ್‌ಗಾರ್ಡ್ ಮತ್ತು ಟೈರಿನ ನಡುವೆ 75 ಮಿಮೀ ಬಿಡಿ. ಮಳೆ ಬಿದ್ದ ಎರೆ ಹೊಲದಲ್ಲಿ ಹತ್ತು ಮಾರು ಹೋಗುವಷ್ಟರಲ್ಲಿ ಮಣ್ಣು ಮೆತ್ತಿ ಗಾಲಿ ತಿರುಗುವುದೇ ನಿಲ್ಲುತ್ತದೆ.

ಗಾಡಿ ಹಿಂದ ಒಲದಾಡ್ತದ ಅಂತಾರ. ಯಾಕ?

ಭಾರ ಹಿಂದಕ್ಕಿರುವುದರಿಂದ. ಒಟ್ಟು ತೂಕದ 10ರಿಂದ 15 ಶೇಕಡಾ ಕಪ್ಲರಿನ ಮೇಲೆ ಬೀಳಬೇಕು. 420 ಕಿಲೋಗೆ 42ರಿಂದ 63 ಕಿಲೋ. ಅದಕ್ಕಿಂತ ಕಡಿಮೆಯಾದರೆ ವೇಗ ಹೆಚ್ಚಿದಂತೆ ಬಾಲ ಅಲ್ಲಾಡುತ್ತದೆ, ಅಲ್ಲಾಟ ತಾನೇ ತಾನಾಗಿ ಬೆಳೆಯುತ್ತದೆ, ಕೊನೆಗೆ ಕಾರನ್ನೂ ಎಳೆದುಕೊಂಡು ಹೋಗುತ್ತದೆ. ಹೆಚ್ಚಾದರೆ ಕಾರಿನ ಹಿಂಬದಿ ಕೂತು ಮುಂದಿನ ಗಾಲಿಯ ಹಿಡಿತ ಕಡಿಮೆಯಾಗುತ್ತದೆ. ಬಾಲ್ ಮೇಲೆ ಎಷ್ಟು ಭಾರ ಬೀಳಬಹುದೆಂಬ ಮಿತಿಯನ್ನೂ ಕಾರಿನ ಕೈಪಿಡಿ ಹೇಳುತ್ತದೆ. ಎರಡರಲ್ಲಿ ಕಡಿಮೆ ಇರುವುದೇ ನಿಮ್ಮ ಮಿತಿ.

ಅಳೆಯುವುದು ಸುಲಭ. ಸಾಮಾನು ಎಲ್ಲ ತುಂಬಿ, ಮನೆಯ ತೂಕದ ಯಂತ್ರದ ಮೇಲೆ ಮರದ ದಿಮ್ಮಿ ಇಟ್ಟು, ಬಾಲ್ ಇರುವಷ್ಟೇ ಎತ್ತರದಲ್ಲಿ ಕಪ್ಲರ್ ಕೂರಿಸಿ ಓದಿ.

ಪೆಟ್ಟಿಗೆಯ ಮುಂಭಾಗದಿಂದ 60 ಶೇಕಡಾ ಉದ್ದದಲ್ಲಿ, ಅಂದರೆ 1460 ಮಿಮೀ ಹಿಂದೆ ಎಕ್ಸೆಲ್ ಇಡುವುದು ವಾಡಿಕೆ. ಮೂಕಿ 1100 ಮಿಮೀ ಹೊರಗಿದ್ದರೆ ಬಾಲಿನಿಂದ ಎಕ್ಸೆಲ್ಲಿಗೆ 2560. ಈಗ ಹಿಂಬದಿಯ ಅಡುಗೆ ಕಟ್ಟೆಯಲ್ಲಿ, ಎಕ್ಸೆಲ್ಲಿನಿಂದ 800 ಮಿಮೀ ಹಿಂದೆ, 20 ಲೀಟರ್ ನೀರಿನ ಕ್ಯಾನು ಇಟ್ಟಿರಿ ಅನ್ನಿ. 20ನ್ನು 800ರಿಂದ ಗುಣಿಸಿ 2560ರಿಂದ ಭಾಗಿಸಿದರೆ 6 ಕಿಲೋ ಚಿಲ್ಲರೆ. ಅಷ್ಟು ಭಾರ ಮೂಕಿಯಿಂದ ಎದ್ದುಹೋಯಿತು. ಎರಡು ಕ್ಯಾನು, ಹಿಂದೆ ನೇತುಹಾಕಿದ ಸ್ಟೆಪ್ನಿ, ಒಂದು ಐಸ್ ಪೆಟ್ಟಿಗೆ ಸೇರಿದರೆ ಮೂಕಿ ಹಗುರಾಗಿಬಿಡುತ್ತದೆ. ಬ್ಯಾಟರಿ, ಸ್ಟೆಪ್ನಿ ಮೂಕಿಯ ಮೇಲೆ, ನೀರು ಎಕ್ಸೆಲ್ಲಿನ ನೇರಕ್ಕೆ.

ಓಡುವಾಗ ಅಲ್ಲಾಟ ಶುರುವಾದರೆ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಸ್ಟೇರಿಂಗ್ ನೇರ ಹಿಡಿಯಿರಿ. ತಟ್ಟನೆ ಬ್ರೇಕ್ ಒತ್ತಬೇಡಿ.

ಹುಕ್ಕ್ ಎಲ್ಲಿ ಹಾಕಸಬೇಕು?

ಕಾರಿನ ಚಾಸಿಗೆ ಅಥವಾ ಕಂಪನಿ ಗುರುತಿಸಿದ ಬೋಲ್ಟ್ ಜಾಗಕ್ಕೆ. ಬಂಪರಿಗೆ ಅಲ್ಲ. ಬಾಲ್ 50 ಮಿಮೀದಾದರೆ ಕಪ್ಲರೂ 50ರದ್ದೇ ಇರಬೇಕು. ತುಂಬಿದ ಟ್ರೇಲರ್ ನೆಲಕ್ಕೆ ಸಮವಾಗಿ ಅಥವಾ ಮೂಗು ತುಸು ಕೆಳಗೆ ನಿಲ್ಲಬೇಕು. ಎರಡು ಸರಪಳಿಗಳನ್ನು ಮೂಕಿಯ ಕೆಳಗೆ ಗುಣಿಸು ಚಿಹ್ನೆಯಂತೆ ಹಾಯಿಸಿ; ಕಪ್ಲರ್ ಕಳಚಿದರೆ ಮೂಕಿ ಆ ಜೋಳಿಗೆಯಲ್ಲಿ ಕೂರುತ್ತದೆ, ರಸ್ತೆಗೆ ಚುಚ್ಚುವುದಿಲ್ಲ.

ಪ್ಲೈವುಡ್ ಯಾವುದು? ಎಂಆರ್ ನಡೀತದೇನು?

ನಡೆಯುವುದಿಲ್ಲ. ಐಎಸ್ 710 ಗುರುತಿನ ಮರೈನ್ ಪ್ಲೈ ತನ್ನಿ. ಎಂಆರ್ ಎಂದರೆ ತೇವ ತಡೆಯುವುದು, ನೀರಲ್ಲ. ಬೆಳಗಾವಿ, ಖಾನಾಪುರದ ಒಂದು ಮಳೆಗಾಲಕ್ಕೆ ಅಂಚು ಹೂವಿನಂತೆ ಬಿರಿಯುತ್ತದೆ. ನೀರು ಹಾಳೆಯ ಮುಖದಿಂದ ಇಳಿಯುವುದಕ್ಕಿಂತ ಕತ್ತರಿಸಿದ ಅಂಚಿನಿಂದ ಇಳಿಯುವುದೇ ಹೆಚ್ಚು. ಆದ್ದರಿಂದ ಪ್ರತಿ ಅಂಚಿಗೂ, ಪ್ರತಿ ಬೋಲ್ಟಿನ ತೂತಿಗೂ ಎಪಾಕ್ಸಿ ಎರಡು ಕೈ. ನೆಲದ ಕೆಳಮೈಗೆ ಡಾಂಬರು ಬಣ್ಣವನ್ನು ಚಾಸಿಗೆ ಕೂರಿಸುವ ಮೊದಲೇ ಬಳಿಯಿರಿ, ಆಮೇಲೆ ಕೈ ಹೋಗುವುದಿಲ್ಲ. 12 ಮಿಮೀ ನೆಲಕ್ಕೆ ಪ್ರತಿ 400 ಮಿಮೀಗೆ ಒಂದು ಅಡ್ಡಪಟ್ಟಿ ಬೇಕು.

ಗೋಡೆಯನ್ನು ನೆಲದ ಮೇಲೆ ನಿಲ್ಲಿಸದೆ ನೆಲದ ಅಂಚಿಗೆ ಹೊರಗಿನಿಂದ ಹಚ್ಚಿ ಬೋಲ್ಟ್ ಹಾಕಿ. ಒಳಗೆ ಪೂರ್ತಿ 1220 ಮಿಮೀ ಸಿಕ್ಕಿ 4 ಅಡಿಯ ಸಿದ್ಧ ಗಾದಿ ಕೂರುತ್ತದೆ. ಮೇಲೆ ನಿಲ್ಲಿಸಿದರೆ ಎರಡು ಗೋಡೆಯ ದಪ್ಪ ಹೋಗಿ 1196 ಉಳಿಯುತ್ತದೆ, ಗಾದಿ ಅಂಚು ಮಡಚಿಕೊಳ್ಳುತ್ತದೆ. ಹೊರಗೆ ಹಚ್ಚುವಾಗ ಟೈರಿಗೂ ಗೋಡೆಗೂ 40 ಮಿಮೀ ಅಂತರ ಉಳಿಯುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಛತ್ತು ಸೋರ್ತದ. ಸಿಲಿಕಾನ್ ಎಷ್ಟ ಹಚ್ಚಿದ್ರೂ ಅಷ್ಟ.

ತಗಡು ಹಿಗ್ಗುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಹಾಗಾಗುತ್ತದೆ. ವಿಜಯಪುರದ ಬಿಸಿಲಿನಲ್ಲಿ ಛತ್ತಿನ ತಗಡು 65 ಡಿಗ್ರಿ ಮುಟ್ಟಿ, ಬೆಳಗಿನ ಚಳಿಗೆ 15ಕ್ಕೆ ಇಳಿದರೆ, 2440 ಮಿಮೀ ಅಲ್ಯೂಮಿನಿಯಂ ಸುಮಾರು 2.8 ಮಿಮೀ ಉದ್ದ ಗಿಡ್ಡ ಆಗುತ್ತದೆ. ಎಲ್ಲ ಕಡೆ ಅಂಟಿಸಿ ಬಿಗಿದ ತಗಡು ಉಬ್ಬಿ ಸ್ಕ್ರೂವನ್ನೇ ಕೀಳುತ್ತದೆ. ಹಾಳೆಯ ಮೈಗೆ ಅಂಟು ಬೇಡ. ಸ್ಕ್ರೂ ತೂತು ಸ್ಕ್ರೂಗಿಂತ 2 ಮಿಮೀ ದೊಡ್ಡದಿರಲಿ, ಕೆಳಗೆ ರಬ್ಬರ್ ವಾಷರ್ ಇರಲಿ. ಮೂಲೆಗೆ ಬ್ಯೂಟೈಲ್ ಟೇಪ್ (ಮೆತ್ತನೆಯ ಅಂಟು ಟೇಪ್) ಇಟ್ಟು ಮೇಲೆ ಆಂಗಲ್ ಪಟ್ಟಿ ಕೂರಿಸಿ, ಅದರ ಅಂಚಿಗೆ ಪಾಲಿಯುರೆಥೇನ್ ಸೀಲೆಂಟ್ ಎಳೆಯಿರಿ. ಹಳೆಯ ಸಿಲಿಕಾನಿನ ಮೇಲೆ ಬಣ್ಣವೂ ಹಿಡಿಯುವುದಿಲ್ಲ, ಬೇರೆ ಸೀಲೆಂಟೂ ಹಿಡಿಯುವುದಿಲ್ಲ; ಪೂರ್ತಿ ಕೆರೆದೇ ತೆಗೆಯಬೇಕು.

ಒಳಗೆ ಬೆಳಗ್ಗೆ ಹನಿ ಕಂಡರೆ ಅದು ಸೋರಿಕೆಯಲ್ಲದಿರಬಹುದು. ಮಲಗಿದವರ ಉಸಿರಿನ ತೇವ ತಣ್ಣಗಿನ ತಗಡಿಗೆ ತಾಗಿ ನೀರಾಗುತ್ತದೆ. ಕೆಳಗೊಂದು, ಮೇಲೊಂದು ಗಾಳಿಗಂಡಿ ಸದಾ ತೆರೆದಿರಬೇಕು.

ಬ್ಯಾಟರಿ ಎಷ್ಟ ಬೇಕು? ಎಸಿ ಹಾಕಬಹುದೇನ್ರಿ?

25 ವ್ಯಾಟಿನ ಫ್ಯಾನು ಎಂಟು ತಾಸಿಗೆ 200 ವ್ಯಾಟ್-ಅವರ್, ಲೈಟು ಮತ್ತು ಮೊಬೈಲು 60, ಸಣ್ಣ 12 ವೋಲ್ಟ್ ಫ್ರಿಜ್ಜು ದಿನಕ್ಕೆ 400ರ ಆಸುಪಾಸು. 100 ಆಂಪಿಯರ್-ಅವರಿನ ಲಿಥಿಯಂ ಫಾಸ್ಫೇಟ್ ಬ್ಯಾಟರಿ 1280 ವ್ಯಾಟ್-ಅವರ್ ಕೊಡುತ್ತದೆ, ಒಂದೂವರೆ ದಿನಕ್ಕೆ ಧಾರಾಳ. ಅದೇ ಅಳತೆಯ ಲೆಡ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬೇಕು, ತೂಕ ಎರಡು ಪಟ್ಟಿಗೂ ಹೆಚ್ಚು. ಬ್ಯಾಟರಿಯ ಪಾಸಿಟಿವ್ ತುದಿಯಿಂದ ಗೇಣಿನೊಳಗೆ ಫ್ಯೂಸ್ ಇರಲಿ. ಒಂದು ಟನ್ ಎಸಿ ಈ ಬ್ಯಾಟರಿಯನ್ನು ಒಂದು ತಾಸಿನ ಸುಮಾರಿಗೆ ಮುಗಿಸುತ್ತದೆ. ಬಿಳಿ ಬಣ್ಣ, ಛತ್ತಿಗೆ 25 ಮಿಮೀ ಫೋಮ್, ಬೇವಿನ ಮರದ ನೆರಳು ಎಸಿಗಿಂತ ಅಗ್ಗ.

ಹಿಂದಿನ ಲೈಟ್ ಒಮ್ಮೆ ಹತ್ತತಾವ, ಒಮ್ಮೆ ಇಲ್ಲ.

ಹೆಚ್ಚಿನ ಪಾಲು ಅರ್ಥಿಂಗ್ ದೋಷ. ಬಾಲ್ ಮತ್ತು ಕಪ್ಲರ್ ತಾಗಿಕೊಂಡಿರುವುದನ್ನೇ ಅರ್ಥಿಂಗ್ ಎಂದು ನಂಬಿದರೆ ಗುಂಡಿ ಬಂದಾಗೆಲ್ಲ ಲೈಟು ಹೋಗುತ್ತದೆ. ಪ್ರತ್ಯೇಕ ಬಿಳಿ ವೈರು ಎಳೆದು, ಚಾಸಿಗೆ ಹಚ್ಚುವ ಕಡೆ ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ. ಕಾರಿಗೂ ಟ್ರೇಲರಿಗೂ ವೈರು ಜೋಡಿಸುವ 7 ಪಿನ್ನಿನ ಪ್ಲಗ್ಗಿನ ರೂಢಿಯ ಬಣ್ಣಗಳು: 1 ಹಳದಿ ಎಡ ಇಂಡಿಕೇಟರ್, 2 ನೀಲಿ ಫಾಗ್, 3 ಬಿಳಿ ಅರ್ಥ್, 4 ಹಸಿರು ಬಲ ಇಂಡಿಕೇಟರ್, 5 ಕಂದು ಬಲ ಟೇಲ್, 6 ಕೆಂಪು ಬ್ರೇಕ್, 7 ಕಪ್ಪು ಎಡ ಟೇಲ್. ಹೊಸ ಕಾರುಗಳಲ್ಲಿ ವೈರನ್ನು ನೇರ ಕಚ್ಚಿಸಬೇಡಿ, ಕಂಪ್ಯೂಟರ್ ದೋಷ ತೋರಿಸುತ್ತದೆ. ರಿಲೇ ಪೆಟ್ಟಿಗೆ ಹಾಕಿಸಿ.

ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ ರಿಫ್ಲೆಕ್ಟರ್ ಟೇಪ್ ಕಡ್ಡಾಯವೆಂದೇ ತಿಳಿಯಿರಿ. ಕಬ್ಬಿನ ಹಂಗಾಮಿನಲ್ಲಿ ಜಮಖಂಡಿ, ಮುಧೋಳ ರಸ್ತೆಯಲ್ಲಿ ದೀಪವಿಲ್ಲದ ಟ್ರ್ಯಾಲಿಗಳ ನಡುವೆ ರಾತ್ರಿ ಓಡಿಸದಿರುವುದು ಇನ್ನೂ ಒಳ್ಳೆಯದು.

ಒಳಗ ಚಹಾ ಮಾಡಬಹುದೇನು?

ಇಲ್ಲ. ಒಲೆ, ಇದ್ದಿಲು, ಬಾಗಿಲು ತೆರೆದಿದ್ದರೂ ಒಳಗೆ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಗ್ಯಾಸ್ ಗಾಳಿಗಿಂತ ಭಾರವಾದ್ದರಿಂದ 5 ಕಿಲೋ ಸಿಲಿಂಡರಿನ ಗೂಡಿಗೆ ಕೆಳಭಾಗದಲ್ಲಿ ಹೊರಕ್ಕೆ ತೂತಿರಲಿ.

ಎಷ್ಟ ವೇಗ? ಘಟ್ಟ ಇಳೀಬಹುದೇನು?

ಗಂಟೆಗೆ 60. ಚೋರ್ಲಾ, ಅಂಬೋಲಿ ಘಟ್ಟದಲ್ಲಿ ಏರಲು ಹಾಕುವ ಗೇರಿನಲ್ಲೇ ಇಳಿಯಿರಿ, ಬ್ರೇಕ್ ಮೇಲೆ ಕಾಲು ಇಟ್ಟೇ ಇರಬೇಡಿ. ರಿವರ್ಸ್ ಕಲಿಯಲು ಸ್ಟೇರಿಂಗಿನ ಕೆಳ ಅಂಚು ಹಿಡಿಯಿರಿ: ಕೈ ಎಡಕ್ಕೆ ಹೋದರೆ ಟ್ರೇಲರಿನ ಹಿಂಬದಿ ಎಡಕ್ಕೆ. ಖಾಲಿ ಎಪಿಎಂಸಿ ಅಂಗಳ ಒಂದು ಭಾನುವಾರಕ್ಕೆ ಸಾಕು.

ಎಲ್ಲಿ ನಿಲ್ಲಿಸಬಹುದು?

ಬಾದಾಮಿ, ಪಟ್ಟದಕಲ್ಲು, ಐಹೊಳೆಯ ಸ್ಮಾರಕಗಳ ಆವರಣದಲ್ಲಿ ಬಿಡಾರ ಹೂಡುವಂತಿಲ್ಲ. ಊರಿನ ವಸತಿಗೃಹದವರ ಅಂಗಳ ಕೇಳಿ. ಖಾನಾಪುರದ ಭೀಮಗಡ ಅಭಯಾರಣ್ಯಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಆಲಮಟ್ಟಿ, ನವಿಲುತೀರ್ಥದ ಹಿನ್ನೀರಿನ ಅಂಚಿನಲ್ಲಿ ಹೊಲದವರನ್ನು ಕೇಳಿಯೇ ನಿಲ್ಲಿಸಿ, ನೀರು ಏರುವ ತಿಂಗಳಲ್ಲಿ ದಂಡೆ ಬಿಟ್ಟು ಮೇಲಿರಿ.

ಮೊದಲ ಪ್ರವಾಸದಾಗ ಏನೇನ್ ನೋಡಬೇಕು?

50 ಕಿಲೋಮೀಟರಿಗೆ ಗಾಲಿಯ ನಟ್ ಮತ್ತು ಯು-ಬೋಲ್ಟ್ ಮತ್ತೊಮ್ಮೆ ಬಿಗಿಯಿರಿ. ಹೊಸ ಬಣ್ಣ ಒತ್ತಿಕೊಂಡು ಸಡಿಲಾಗಿರುತ್ತವೆ. ನೂರಕ್ಕೆ ಚಾಸಿಯ ಎಲ್ಲ ಬೋಲ್ಟ್. ಕಾರಿನ ಜಾಕ್ ಟ್ರೇಲರಿನ ಕೆಳಗೆ ಎಷ್ಟೋ ಸಲ ಎತ್ತರ ಸಾಲದು, ಅಥವಾ ಟೈರು ಇಳಿದಾಗ ಒಳಗೆ ಹೋಗುವುದೇ ಇಲ್ಲ. ಮನೆಯಲ್ಲೇ ಒಂದು ಗಾಲಿಯ ಗಾಳಿ ತೆಗೆದು, ಜಾಕ್ ಎಲ್ಲಿ ಕೂರುತ್ತದೆ ನೋಡಿ, ಆ ಅಳತೆಯ ಎರಡು ಮರದ ತುಂಡುಗಳನ್ನು ಗಾಡಿಯಲ್ಲೇ ಇಡಿ. ಎರೆ ಮಣ್ಣಿನಲ್ಲಿ ಜಾಕ್ ಹೂತುಹೋಗದಿರಲು ಒಂದು ಅಡಿ ಚೌಕದ ಹಲಗೆಯೂ ಬೇಕು.